ಸಾಲಿನ ಕೊನೆಯವಳು

ದೊಡ್ಡವ್ವನ ಕತ್ತು ಒಂದಿಷ್ಟು ಎಡಕ್ಕೆ ತಿರುಗಿಯೇ ಇರುತ್ತಿತ್ತು. ಎದುರಿಗೆ ಕೂತು ಮಾತನಾಡುವಾಗಲೂ ಗಲ್ಲ ಎಡ ಭುಜದ ಕಡೆ ವಾಲಿರುತ್ತಿತ್ತು. ಬೆನ್ನ ಹಿಂದೆ ನಡೆಯುತ್ತಿರುವ ಏನನ್ನೋ ಆ ಕಡೆಯ ಕಿವಿ ಕೇಳಿಸಿಕೊಳ್ಳುತ್ತಿದೆ ಅನ್ನಿಸುತ್ತಿತ್ತು. ಹೊಸದಾಗಿ ನೋಡಿದವರು ಕತ್ತು ಉಳುಕಿದೆಯೆಂದು ತಿಳಿದು ಎಣ್ಣೆ ತಿಕ್ಕಿಸಿಕೊಳ್ಳಲು ಹೇಳುತ್ತಿದ್ದರು. "ಉಳುಕೂ ಇಲ್ಲ, ಏನೂ ಇಲ್ಲ ಕಣವ್ವ. ಇಂದೆ ಯಾರಾರ ಉಳ್ಕಂಡವ್ರಾ ಅಂತ ನೋಡಿ ನೋಡಿ ಇಂಗೇ ನಿಂತೋಗದೆ" ಎನ್ನುತ್ತಿದ್ದಳು.

ಅವಳು ನಮಗೆ ರಕ್ತಸಂಬಂಧಿಯಲ್ಲ. ಅವ್ವನ ತವರೂರು ಮದ್ದೂರಿನ ಹತ್ತಿರ, ವೈದ್ಯನಾಥಪುರ ದಾಟಿ ಸ್ವಲ್ಪ ದೂರ. ಅಲ್ಲಿ ಅವ್ವನ ಮನೆಗೆ ಗೋಡೆ ಹಂಚಿಕೊಂಡ ಮನೆಯವಳು. ಅವ್ವ ಅಕ್ಕ ಅನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡವ್ವ. ಗದ್ದೆ ಕೆಲಸ, ಎಮ್ಮೆಗಳ ಕೆಲಸ, ಮಾತೇ ಆಡದ ಗಂಡ, ಮಾತು ನಿಲ್ಲಿಸದ ಸೊಸೆ. ಭಾರತೀನಗರದ ನಮ್ಮ ಮನೆಗೆ ಬಂದರೆ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ನೇರ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡುತ್ತಿದ್ದಳು. "ಈ ಸಾರ್ಗೆ ಉಳಿ ಸಾಲ್ದು ಕಣಮ್ಮಿ" ಎಂದು ಅವ್ವನಿಗೆ ಹೇಳಿ, ತಾನೇ ಹುಣಸೆಹಣ್ಣು ಕಿವುಚಿ ಹಾಕಿ, ಆಮೇಲೆ ಕ್ಷೇಮಸಮಾಚಾರ ಕೇಳುತ್ತಿದ್ದಳು.

ಎಲ್ಲಿಗೆ ಹೊರಟರೂ ಅವಳು ಕೊನೆಯವಳು. ಮದುವೆಮನೆಯ ಬಾಗಿಲಲ್ಲಿ ಎಲ್ಲರೂ ಒಳಗೆ ಹೋದ ಮೇಲೆ ಅವಳು. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಕಂಡಕ್ಟರು ಸೀಟಿ ಕಚ್ಚಿಕೊಂಡು ಕಾಯುತ್ತಿದ್ದ. "ಅತ್ತಮ್ಮ ತಾಯಿ, ಬಸ್ಸು ಇಲ್ಲೇ ಮನೆ ಮಾಡಲ್ಲ" ಎಂದ. "ಅವ್ಳು ಅತ್ಲಿ, ಆ ಮುದುಕಪ್ಪ ಅತ್ಲಿ, ಆಮೇಕೆ ನಾನು. ನೀನ್ಯಾಕೆ ಕುಣೀತೀಯ" ಎಂದು ಅವಳು ಕೆಳಗೇ ನಿಂತಿದ್ದಳು. ಕಂಡಕ್ಟರು ನಕ್ಕುಬಿಟ್ಟ.

ಈ ಅಭ್ಯಾಸ ಅವಳಿಗೆ ಬಂದದ್ದು ನಡಿಗೆಯಿಂದ. ಪ್ರತಿವರ್ಷ ಶಿವರಾತ್ರಿಗೆ ಮುಂಚೆ ಆ ಸುತ್ತಿನ ಹಳ್ಳಿಗಳವರು ಮದ್ದೂರಿನಿಂದ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಹೊರಡುತ್ತಿದ್ದರು. ಭಾರತೀನಗರ, ಮಳವಳ್ಳಿ, ಶಿವನಸಮುದ್ರ, ಕೊಳ್ಳೇಗಾಲ, ಹನೂರು, ಅಲ್ಲಿಂದ ಆಚೆಗೆ ಕಾಡು. ಮದುವೆಯಾಗಿ ಬಂದ ಮರುವರ್ಷದಿಂದ ದೊಡ್ಡವ್ವ ಆ ಸಾಲಿನಲ್ಲಿ ನಡೆದಿದ್ದಳು, ಅದೂ ಕೊನೆಯವಳಾಗಿ. ಯಾರೂ ಹಿಂದೆ ಬೀಳದಂತೆ ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ.

ಆ ಗುಂಪಿನಲ್ಲಿ ಒಂದು ಕಟ್ಟುಪಾಡು ಇತ್ತು. ಮಳವಳ್ಳಿ ದಾಟಿದ ಮೇಲೆ ಯಾರನ್ನೂ ಊರಿನ ಹೆಸರಿನಿಂದ ಕೂಗುವಂತಿಲ್ಲ. ಅಣ್ಣ, ಅಕ್ಕ, ಅಪ್ಪ ಅನ್ನುವಂತೆಯೂ ಇಲ್ಲ. ಆ ಹೆಸರುಗಳನ್ನು ಕಾಡಿನಲ್ಲಿ ಯಾವುದೋ ಒಂದು ಕೇಳಿಸಿಕೊಂಡು, ಮನೆಯವರದೇ ದನಿಯಲ್ಲಿ ಮತ್ತೆ ಕರೆಯುತ್ತದಂತೆ. ಓಗೊಟ್ಟವನು ಅದರ ಹಿಂದೆ ಹೋಗಿಬಿಡುತ್ತಾನಂತೆ. ಅದಕ್ಕೆ ಹೊಸದಾಗಿ ಬಂದವರಿಗೆಲ್ಲ ಮಳವಳ್ಳಿಯಲ್ಲಿ ತಂಗಿದಾಗ ದಾರಿಯ ಹೆಸರು ಬೀಳುತ್ತಿತ್ತು. ಅದನ್ನು ನಾವೇ ಆರಿಸಿಕೊಳ್ಳುವಂತಿಲ್ಲ. ಮೊದಲ ದಿನದ ನಡಿಗೆಯಲ್ಲಿ ನಮ್ಮ ಯಾವ ಗುಣ ಜೊತೆಯವರ ಕಣ್ಣಿಗೆ ಬಿತ್ತೋ ಅದೇ ಹೆಸರು. ಬೇಡವೆಂದು ಜಗಳವಾಡಿದರೆ ಅದು ಇನ್ನೂ ಗಟ್ಟಿಯಾಗುತ್ತಿತ್ತು. ಬೆಟ್ಟ ಹತ್ತಿ ಊರಿಗೆ ಬಂದು ತಲೆಗೆ ನೀರು ಹುಯ್ದುಕೊಂಡ ಮೇಲೆ ಮತ್ತೆ ಮುಂದಿನ ವರ್ಷದವರೆಗೆ ಆ ಹೆಸರನ್ನು ಯಾರೂ ಆಡುತ್ತಿರಲಿಲ್ಲ.

ನಿಂತಲ್ಲೆಲ್ಲ ಹೆಸರು ಹಾಯಿಸುತ್ತಿದ್ದರು. ಸಾಲಿನ ಮುಂದಿನವನು ತನ್ನ ದಾರಿಯ ಹೆಸರನ್ನು ತಾನೇ ಕೂಗುವುದು, ಅವನ ಹಿಂದಿನವರು ತಮ್ಮದನ್ನು, ಹೀಗೆ ಕೊನೆಯವರೆಗೆ. ಮುಂದಿನವನು ಛತ್ರಿ, ಅವನು ನೆರಳಲ್ಲೂ ಛತ್ರಿ ಮಡಿಸುತ್ತಿರಲಿಲ್ಲ. ಅವನ ಹಿಂದೆ ಎರಡ್ಲೋಟ, ಎಲ್ಲಿ ಕಾಫಿ ಸಿಕ್ಕಿದರೂ ಎರಡು ಲೋಟ ಕುಡಿಯುವವನು. ಆಮೇಲೆ ಗೊರಕೆ, ಬೆಲ್ಲದಚ್ಚು, ಇನ್ನೂ ಯಾರ್‍ಯಾರೋ. ಕೊನೆಗೆ ದೊಡ್ಡವ್ವ, "ಬಾಲ" ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಬಾಲದವರೆಗೆ ಹೆಸರು ಮುಟ್ಟಿತೆಂದರೆ ಎಲ್ಲರೂ ಇದ್ದಾರೆಂದು ಅರ್ಥ.

ನಾನು ಮಂಡ್ಯದ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ವರ್ಷ ಅವ್ವನಿಗೆ ವಿಷಮಜ್ವರ ಬಂದು ಉಳಿದದ್ದೇ ಹೆಚ್ಚಾಯಿತು. ಬೆಟ್ಟಕ್ಕೆ ನಡೆದು ಬರುತ್ತೇವೆಂದು ಅವ್ವ ಹರಕೆ ಹೊತ್ತಿದ್ದಳು. ಅವಳಿಗೆ ಶಕ್ತಿಯಿರಲಿಲ್ಲ. ಅವಳ ಬದಲು ನಾನು, ನನ್ನ ಜೊತೆ ಅಪ್ಪ ಮತ್ತು ಚಿಕ್ಕಪ್ಪ ಹೊರಟೆವು. ಅಪ್ಪ ಹೈಸ್ಕೂಲು ಮೇಷ್ಟರು. ಇಸ್ತ್ರಿಯ ಅಂಗಿ ತೊಟ್ಟೇ ನಡೆಯಲು ಬಂದಿದ್ದರು. ಯಾರಾದರೂ ಅವಸರ ಮಾಡಿದರೆ "ಸಾವಕಾಶ, ಸಾವಕಾಶ" ಅನ್ನುವುದು ಅವರ ರೂಢಿ. ಮಳವಳ್ಳಿಯಲ್ಲಿ ಊಟದ ಎಲೆ ಎತ್ತುವ ಹೊತ್ತಿಗೆ ಅವರಿಗೆ ಸಾವಕಾಸ ಎಂದು ಹೆಸರು ಬಿದ್ದಿತ್ತು. ಎಲ್ಲದಕ್ಕೂ ಯಾಕೆ ಎಂದು ಕೇಳುತ್ತಿದ್ದ ನನಗೆ ಯಾಕೆ ಎಂದೇ ಹೆಸರಾಯಿತು.

ಅಪ್ಪನಿಗೆ ಇದು ಹಿಡಿಸಲಿಲ್ಲ. "ಮೂಢನಂಬಿಕೆ" ಎಂದು ನನ್ನ ಹತ್ತಿರ ಗೊಣಗಿದರು. ದೊಡ್ಡವ್ವನಿಗೆ ಅದು ಕೇಳಿಸಿತು.

"ಆಗ್ಲಿ ಸಾವಕಾಸ, ನಂಬ್ಬೇಡ. ಕರೆದ್ರೆ ಓ ಅನ್ನು, ಸಾಕು" ಎಂದಳು. ಊರಿನಲ್ಲಿ ಅಪ್ಪನನ್ನು ಮೇಷ್ಟ್ರೇ, ನೀವು ಎಂದೇ ಮಾತನಾಡಿಸುವವಳು, ಹೆಸರು ಬಿದ್ದ ಗಳಿಗೆಯಿಂದ ಏಕವಚನಕ್ಕೆ ಇಳಿದಿದ್ದಳು. ದಾರಿಯಲ್ಲಿ ಎಲ್ಲರೂ ಹಾಗೆಯೇ. ಅಪ್ಪ ಮುಖ ಕೆಂಪಗೆ ಮಾಡಿಕೊಂಡು ಕೈತೊಳೆಯಲು ಎದ್ದುಹೋದರು.

ಇನ್ನೊಂದು ಕಟ್ಟು ಇತ್ತು. ಕಾಡಿನಲ್ಲಿ ಬಹಿರ್ದೆಸೆಗೆ ಹೋಗುವವರು ಬಾಲಕ್ಕೆ ಹೇಳಿಯೇ ಹೋಗಬೇಕು. ಅವರು ಬರುವವರೆಗೆ ಬಾಲ ಅಲ್ಲೇ ನಿಲ್ಲುತ್ತದೆ. ಗಂಡಸರು, ಹೆಂಗಸರು, ಎಲ್ಲರೂ ನಾಚಿಕೆಯಿಲ್ಲದೆ ಹೇಳಿ ಹೋಗುತ್ತಿದ್ದರು. ಅಪ್ಪನಿಗೆ ಒಬ್ಬ ಹೆಂಗಸಿನ ಮುಂದೆ, ಅದೂ ಹೆಂಡತಿಯ ಊರಿನವಳ ಮುಂದೆ, ಅಂಥ ಮಾತು ಹೇಳಲು ಬಾಯಿ ಬರಲಿಲ್ಲ. ಆ ಒಂದು ಸಂಕೋಚದಿಂದ ಆದದ್ದನ್ನು ಹೇಳಬೇಕು. ಎಷ್ಟೋ ಸಲ ಬರೆಯಲು ಕೂತು ಎದ್ದಿದ್ದೇನೆ. ಬಿದಿರು ಮುರಿಯುವ ಸದ್ದು ನೆನಪಾದರೆ ಇವತ್ತಿಗೂ ಪೆನ್ನು ಕೆಳಗಿಡುತ್ತೇನೆ.

ಆ ದಿನ ಬೆಳಿಗ್ಗೆ ರಸ್ತೆ ಬಿಟ್ಟು ಹಳೆಯ ಕಾಲುದಾರಿ ಹಿಡಿದಿದ್ದೆವು. ಎರಡೂ ಕಡೆ ಲಂಟಾನ ಪೊದೆ, ಅದರ ಹಿಂದೆ ಒಣಗಿದ ಬಿದಿರು ಮೆಳೆ. ಎಲೆಯುದುರುವ ಕಾಲ, ನಮ್ಮದೇ ಹೆಜ್ಜೆಯ ಸದ್ದು ನಮ್ಮನ್ನು ಹೆದರಿಸುತ್ತಿತ್ತು. ಇಳಿಜಾರಿನಲ್ಲಿ ಒಬ್ಬ ಅಜ್ಜಿಯ ಅಂಗಾಲಿಗೆ ಮುಳ್ಳು ಮುರಿಯಿತು. ದೊಡ್ಡವ್ವ ಅದನ್ನು ಕೀಳಲು ಬಗ್ಗಿದಳು. ಅಪ್ಪ ನನಗೆ "ಮುಂದೆ ನಡಿ, ಬಂದೆ" ಎಂದರು. ನಾನು ನಡೆದೆ. ಅವರು ಆ ಕ್ಷಣದಲ್ಲಿ ಪೊದೆಯ ಹಿಂದಕ್ಕೆ ಸರಿದುಬಿಟ್ಟರು. ಮುಳ್ಳು ಕಿತ್ತು ತಲೆಯೆತ್ತಿದ ದೊಡ್ಡವ್ವ, ಸಾವಕಾಸ ಮಗಳ ಜೊತೆ ಮುಂದೆ ಹೋಗಿದ್ದಾನೆಂದುಕೊಂಡಳು. ಅವರು ಅವಳ ಜೊತೆ ಬರುತ್ತಿದ್ದಾರೆಂದು ನಾನು ತಿಳಿದೆ.

ಇಳಿಜಾರಿನ ಕೆಳಗೆ ಒಂದು ಹಳ್ಳ. ಅದನ್ನು ದಾಟಿ ಮರಳಿನ ಮೇಲೆ ನಿಂತು ಹೆಸರು ಹಾಯಿಸಿದರು. ಛತ್ರಿ, ಎರಡ್ಲೋಟ, ಗೊರಕೆ, ಬೆಲ್ಲದಚ್ಚು. ನನಗಿಂತ ಮುಂಚೆ ಅಪ್ಪನ ಸರದಿ. ಹೆಸರು ಅಲ್ಲಿಗೆ ಬಂದು ನಿಂತಿತು. ನಾನು ಹಿಂದೆ ತಿರುಗಿದೆ. ದೊಡ್ಡವ್ವ ಅಷ್ಟರಲ್ಲೇ ತಿರುಗಿದ್ದಳು.

ಆಗ ಇಳಿಜಾರಿನ ಮೇಲಿಂದ ಬಿದಿರು ಸಿಡಿದ ಸದ್ದು ಕೇಳಿತು. ಒಂದಲ್ಲ, ಒಂದರ ಮೇಲೊಂದು. ನಾವು ಈಗಷ್ಟೇ ಇಳಿದುಬಂದ ದಾರಿಯಲ್ಲೇ ಪೊದೆ ಅಲ್ಲಾಡಿತು, ಬೂದುಬಣ್ಣದ ಬೆನ್ನೊಂದು ಕಂಡಿತು. ಅದರ ಹೊಟ್ಟೆಯ ಕೆಳಗೆ ಮರಿ. ಅಪ್ಪ ಇದ್ದದ್ದು ಅವುಗಳ ಆಚೆ.

"ದೊಡ್ಡದು" ಎಂದು ಯಾರೋ ಉಸುರಿದರು. ಕಾಡಿನಲ್ಲಿ ಅದರ ಹೆಸರನ್ನೂ ಹೇಳುವುದಿಲ್ಲ.

ಚಿಕ್ಕಪ್ಪನಿಗೆ ಕಟ್ಟು ಮರೆತುಹೋಯಿತು. "ಅಣ್ಣೋ, ಅಣ್ಣೋ" ಎಂದು ಕೂಗಿಬಿಟ್ಟ. ಅವನನ್ನು ನೋಡಿ ಇನ್ನಿಬ್ಬರು "ಮೇಷ್ಟ್ರೇ" ಎಂದು ಕೂಗಿದರು. ಮತ್ತೆ ಕೂಗಿದರು. ಮೇಲೆ, ದೂರದಲ್ಲಿ, ಒಣ ಎಲೆಯ ಮೇಲೆ ಯಾರೋ ಓಡಿದ ಸದ್ದು ಮಾತ್ರ ಬಂತು. ಆ ಸದ್ದು ನಮ್ಮ ಕಡೆಗೆ ಬರಲಿಲ್ಲ, ನಮ್ಮಿಂದ ದೂರ ಹೋಯಿತು.

ಅಪ್ಪ ಆಮೇಲೆ ಹೇಳಿದರು: "ತಮ್ಮನ ದನಿಯೇ ಅಂತ ಗೊತ್ತಾಯ್ತು. ಆದರೂ ಮಳವಳ್ಳಿಯಲ್ಲಿ ಕೇಳಿದ ಮಾತು ತಲೆಗೆ ಬಂತು. ಒಂದು ಸಲ ಅಣ್ಣ ಅಂತು, ಒಂದು ಸಲ ಮೇಷ್ಟ್ರೇ ಅಂತು. ದನಿ ಯಾವ ಕಡೆಯಿಂದ ಬರುತ್ತೆ ಅಂತಲೂ ತಿಳೀಲಿಲ್ಲ. ಓಡಿಬಿಟ್ಟೆ." ಮೂಢನಂಬಿಕೆ ಎಂದವರು ಅವರೇ.

ದೊಡ್ಡವ್ವ ಚಿಕ್ಕಪ್ಪನ ರಟ್ಟೆ ಹಿಡಿದು ಅಲ್ಲಾಡಿಸಿದಳು. "ಬಾಯ್ ಮುಚ್ಲಾ. ಅಣ್ಣ ಅಂತ ಕೂಗ್ತೀಯಲ್ಲ, ಅವ್ನು ಅದ್ನ ಯಾವ್ದು ಅಂತ ತಿಳ್ಕಬೇಕು? ಎದ್ರಿಸ್ಬುಟ್ಟೆ."

"ಈಗೇನ್ ಮಾಡಾದು ಅಕ್ಕ" ಎಂದ ಚಿಕ್ಕಪ್ಪ. ಅವನ ದನಿ ಹುಡುಗನದಾಗಿತ್ತು.

"ಇಲ್ಲಿ ಯಾವ ಅಕ್ಕನೂ ಇಲ್ಲ" ಎಂದಳು. ಸ್ವಲ್ಪ ಹೊತ್ತು ಇಳಿಜಾರನ್ನೇ ನೋಡಿದಳು. ಹಳ್ಳ ಬಲಕ್ಕೆ ಬಾಗಿ ಹೋಗಿತ್ತು. ಅದರ ಮರಳಿನಲ್ಲೇ ನಡೆದರೆ ಆನೆಗಳನ್ನು ಬಳಸಿ ಅಪ್ಪ ಓಡಿದ ದಿಕ್ಕಿಗೆ ಹೋಗಬಹುದಿತ್ತು. "ಎಲ್ರೂ ದೂರ ದೂರ ನಿಂತ್ಕಳಿ. ಛತ್ರಿ ಇಲ್ಲೇ ಇರ್ಲಿ. ಅಳ್ಳದ ಗುಂಟ ಸಾಲು ಬರ್ಲಿ, ನಡ್ಕಂಡು ಬಂದ ಸಾಲೇ, ಇಂದೆ ಮುಂದೆ ಆಗ್ಬಾರ್ದು. ಎಸ್ರು ಆಯಿಸ್ತಾ ಇರಿ. ಈ ಎಸ್ರು ನಾವ್ ಇಟ್ಟಿರೋವು, ಕಾಡಿಗೇನ್ ಗೊತ್ತು. ಕೇಳುದ್ರೆ ಜನ ಅಂತ ಅವ್ನಿಗೆ ತಿಳೀತದೆ."

"ಕೂಗಿದ್ರೆ ಅದು ಮೇಲೆ ಬಿದ್ರೆ?" ಎಂದ ಎರಡ್ಲೋಟ.

"ಬಿದ್ರೆ ಬೀಳ್ತದೆ. ಅರಚ್ಬೇಡಿ, ಸಂತೇಲಿ ಪಕ್ಕದೋರ್ನ ಕರ್‍ದಂಗೆ ಕರೀರಿ."

ಸಾಲು ಬಿಚ್ಚಿಕೊಂಡಿತು. ಒಬ್ಬೊಬ್ಬರು ಒಂದೊಂದು ಬಂಡೆ, ಒಂದೊಂದು ಬೇರು ಹಿಡಿದು ನಿಂತರು. ಅಪ್ಪನ ಜಾಗದಲ್ಲಿ ಯಾರೂ ನಿಲ್ಲಲಿಲ್ಲ. ಅದರಾಚೆ ನಾನು, ಹಳ್ಳದ ತಿರುವಿನಲ್ಲಿ. ನನ್ನನ್ನು ಅಲ್ಲಿ ನಿಲ್ಲಿಸಿ ದೊಡ್ಡವ್ವ ದಡ ಹತ್ತಿದಳು. ಬೇರು ಹಿಡಿದು, ಮಂಡಿಯೂರಿ, ಒಮ್ಮೆ ಜಾರಿ, ಮತ್ತೆ ಹತ್ತಿ, ಒಂದು ಮತ್ತಿಮರದ ಬುಡದಲ್ಲಿ ನಿಂತಳು. ನನಗೆ ಅವಳೂ ಕಾಣುತ್ತಿದ್ದಳು, ಆನೆಯೂ ಕಾಣುತ್ತಿತ್ತು. ಬೇರೆ ಯಾರಿಗೂ ಎರಡೂ ಕಾಣುತ್ತಿರಲಿಲ್ಲ.

"ಛತ್ರಿ" ಎಂಬ ದನಿ ದೂರದಿಂದ ಬಂತು. "ಎರಡ್ಲೋಟ." "ಗೊರಕೆ." ಬೇರೆ ಯಾವಾಗಲಾದರೂ ಆಗಿದ್ದರೆ ನಗು ಬರುತ್ತಿತ್ತು. ಹೆಸರು ಹತ್ತಿರ ಹತ್ತಿರ ಬಂದು, ಅಪ್ಪನ ಜಾಗದಲ್ಲಿ ಒಂದು ಉಸಿರಿನಷ್ಟು ನಿಂತು, ನನಗೆ ಬಂತು. "ಯಾಕೆ" ಎಂದೆ. ಅವಳಿಗೆ ಕೇಳಿಸಲಿಲ್ಲ. ದೊಡ್ಡವ್ವ ಮೇಲಿನಿಂದ ಕೈಯಾಡಿಸಿದಳು. ಇನ್ನೊಮ್ಮೆ ಕೂಗಿದೆ. ಆಮೇಲೆ ಅವಳು, ತುಸು ಬೇಸರದ ದನಿಯಲ್ಲಿ, ದಿನವೂ ಹೇಳುವ ಹಾಗೆಯೇ, "ಬಾಲ" ಎಂದಳು.

ಆನೆ ಮೇಯುವುದನ್ನು ನಿಲ್ಲಿಸಿತು.

ಹೆಸರು ಮತ್ತೆ ಮೊದಲಿನಿಂದ ಬಂತು. ಎಷ್ಟು ಸುತ್ತು ಬಂತೋ ನಾನು ಎಣಿಸಲಿಲ್ಲ. ಒಂದು ಸುತ್ತಿನಲ್ಲಿ, ಬೆಲ್ಲದಚ್ಚು ಎಂದಾದ ಮೇಲೆ, ನಾನು ಬಾಯಿ ತೆರೆಯುವ ಮುಂಚೆ, ಮರಗಳ ಒಳಗಿನಿಂದ ಸಣ್ಣಗೆ ಒಂದು ದನಿ ಬಂತು. "ಸಾವಕಾಸ."

ಅಪ್ಪ ತಮ್ಮ ಸರದಿಗೆ ಸರಿಯಾಗಿ ಹೇಳಿದ್ದರು.

"ಅಲ್ಲೇ ಇದ್ದೀಯ?" ಎಂದಳು ದೊಡ್ಡವ್ವ. "ನನ್ ದನಿ ಇಡ್ಕಂಡು ಬಾ. ಓಡ್ಬೇಡ. ನಿನ್ ಎಸ್ರಿಗೆ ತಕ್ಕಂಗೆ ಬಾ."

ಅವಳು ಆ ಮಾತು ಮುಗಿಸುವ ಮುಂಚೆಯೇ ಆನೆ ತಿರುಗಿತು. ಮರಿಯನ್ನು ಹಿಂದಕ್ಕೆ ತಳ್ಳಿ, ಕಿವಿ ಅಗಲಿಸಿ, ಅವಳ ಕಡೆಗೆ ನುಗ್ಗಿತು. ಬಿದಿರು ಕಡ್ಡಿಗಳಂತೆ ಮುರಿದವು. ಮಣ್ಣು ಎದ್ದಿತು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಆಗಲಿಲ್ಲ. ದೊಡ್ಡವ್ವ ಓಡಲಿಲ್ಲ. ಬೆನ್ನನ್ನು ಮರಕ್ಕೆ ಒತ್ತಿಕೊಂಡು, ಎರಡೂ ಕೈಯನ್ನು ಹಿಂದಕ್ಕೆ ಬಳಸಿ ತೊಗಟೆ ಹಿಡಿದುಕೊಂಡು ನಿಂತಳು. ಆನೆ ಅವಳ ಎದುರಿಗೆ, ಸೊಂಡಿಲು ಚಾಚಿದರೆ ಸಿಗುವಷ್ಟರಲ್ಲಿ, ಗಕ್ಕನೆ ನಿಂತಿತು. ಅದರ ಉಸಿರಿಗೆ ಅವಳ ಸೆರಗು ಅಲ್ಲಾಡಿದ್ದು ನನಗೆ ಕಂಡಿತು.

ಆ ಕಡೆ ಏನಾಗುತ್ತಿದೆಯೆಂದು ತಿಳಿಯದ ಸಾಲು ಹೆಸರು ಹಾಯಿಸುತ್ತಲೇ ಇತ್ತು. ಛತ್ರಿ. ಎರಡ್ಲೋಟ. ಗೊರಕೆ. ಅವಳ ಸರದಿ ಬರುತ್ತಿತ್ತು. ಅವಳು ಸುಮ್ಮನಿದ್ದರೆ ಅಪ್ಪನಿಗೆ ದಾರಿ ತಪ್ಪುತ್ತದೆ. ಬಾಯಿಬಿಟ್ಟರೆ ಎದುರಿಗೆ ಅದು ನಿಂತಿದೆ. ನಾನು ನನ್ನ ಹೆಸರು ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವಳು ಹೇಳಿದ್ದು ಮಾತ್ರ ಕೇಳಿಸಿತು. "ಬಾಲ." ಅದೇ ಬೇಸರದ ದನಿ.

ಆನೆ ಒಂದು ಹೆಜ್ಜೆ ಹಿಂದಿಟ್ಟಿತು. ಹಿಂದೆ ಮರಿ ಕೀರಲಾಗಿ ಕೂಗಿತು. ಆನೆ ನೆಲದ ಮಣ್ಣನ್ನು ಸೊಂಡಿಲಿನಿಂದ ಬಾಚಿ ಅವಳ ಮೇಲೆ ಎರಚಿ, ತಿರುಗಿ, ಮರಿಯನ್ನು ಕರೆದುಕೊಂಡು ಮೇಲಕ್ಕೆ ಹೋಯಿತು. ಬಿದಿರಿನ ಸದ್ದು ದೂರವಾಗುತ್ತ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಲಂಟಾನದೊಳಗಿಂದ ತೆವಳಿಕೊಂಡು ಅವಳ ಪಕ್ಕಕ್ಕೆ ಬಂದರು. ಅಂಗಿ ಹರಿದಿತ್ತು, ಕನ್ನಡಕ ಇರಲಿಲ್ಲ. ಮಾತನಾಡಲು ಹೋದರು.

"ಏಳ್ದೆ ಕೇಳ್ದೆ ಓಗ್ತೀಯಾ ಇನ್ನೊಂದ್ಸಲ?" ಎಂದಳು. "ಇಳಿ ಕೆಳೀಕೆ. ನೀನ್ ಮುಂದೆ, ನಾನ್ ಇಂದೆ."

ಅಪ್ಪ ಇಳಿದರು. ಅವಳು ತಕ್ಷಣ ಇಳಿಯಲಿಲ್ಲ. ನಾನು ಹತ್ತಿ ಹೋಗಿ ನೋಡಿದರೆ ಅವಳ ಬೆರಳುಗಳು ತೊಗಟೆಯನ್ನು ಬಿಟ್ಟಿರಲಿಲ್ಲ. ಒಂದೊಂದಾಗಿ ಬಿಡಿಸಿದೆ. ಉಗುರಿನೊಳಗೆ ತೊಗಟೆಯ ಚೂರು, ರಕ್ತ. "ಯಾರ್ಗೂ ಏಳ್ಬೇಡ" ಎಂದಳು. ಬೆಟ್ಟ ಮುಟ್ಟುವವರೆಗೆ ಎಲ್ಲರನ್ನೂ ಎಂದಿನಂತೆ ಬೈದುಕೊಂಡು ನಡೆದಳು. ತಾಳುಬೆಟ್ಟದ ಮೆಟ್ಟಿಲಲ್ಲಿ ಎರಡ್ಲೋಟ ಆ ಕಥೆಯನ್ನು ಹಾಸ್ಯ ಮಾಡಿ ಹೇಳಿದಾಗ ಎಲ್ಲರೊಂದಿಗೆ ನಕ್ಕಳು.

ಮರುವರ್ಷ ಗುಂಪು ಮದ್ದೂರಿನಲ್ಲಿ ಸೇರಿದಾಗ ದೊಡ್ಡವ್ವ ಬರಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದ್ದಳು. ನಾನು ನೋಡಿಬರಲು ಹೋದೆ. ಅವಳು ಗದ್ದೆಯಿಂದ ಹುಲ್ಲಿನ ಹೊರೆ ಹೊತ್ತುಕೊಂಡು, ಬದುವಿನ ಮೇಲೆ ಹುಡುಗಿಯಂತೆ ನಡೆದು ಬರುತ್ತಿದ್ದಳು. ನನ್ನನ್ನು ಕಂಡು ಹೊರೆ ಇಳಿಸಿ, ಅದರ ಮೇಲೆಯೇ ಕೂತಳು.

"ಮೊಣಕಾಲು?" ಎಂದೆ.

"ಚೆನ್ನಾಗದೆ." ಹುಲ್ಲಿನ ಎಸಳು ಕೀಳತೊಡಗಿದಳು. "ಅವತ್ತು ನನ್ ಸೀರೆ ಒದ್ದೆ ಆಗಿತ್ತು, ನೋಡ್ದಾ?"

"ಹಳ್ಳದ ನೀರು ಅಂದ್ಕೊಂಡೆ."

"ಅಳ್ಳದಲ್ಲಿ ನೀರೆಲ್ಲಿತ್ತವ್ವ" ಎಂದು ಸ್ವಲ್ಪ ನಕ್ಕಳು. "ಕಣ್ಮುಚ್ಚುದ್ರೆ ಅದ್ರ ಉಸ್ರು ಮೊಕಕ್ಕೆ ಒಡೀತದೆ. ಎಮ್ಮೆ ಇಂದ್ಗಡೆಯಿಂದ ಬಂದು ಬುಸ್ ಅಂದ್ರೆ ಕೂತ್ಬುಡ್ತೀನಿ. ಈ ಸಲ ಓಗಾನ ಅಂತ ಬುತ್ತಿ ಕಟ್ದೆ. ಒಸ್ತ್ಲು ದಾಟಕ್ಕೆ ಕಾಲ್ ಬರ್ನಿಲ್ಲ. ಜನಕ್ಕೆ ಮೊಣಕಾಲು ಅಂದೆ. ನಿಂಗೆ ಏಳ್ದೆ, ನೀನೊಬ್ಳೇ ನೋಡಿರಾಳು."

ನನಗೂ ಹಾಗೆಯೇ ಆಗುತ್ತದೆ ಎಂದೆ. ಅವಳು ಆಶ್ಚರ್ಯಪಟ್ಟಂತೆ ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈಯನ್ನು ತನ್ನ ಮಡಿಲಿನಲ್ಲಿಟ್ಟುಕೊಂಡು ಕೂತಳು. ಅಲ್ಲಿಂದ ಮುಂದೆ ಅವಳು ಬೆಟ್ಟಕ್ಕೆ ನಡೆಯಲೇ ಇಲ್ಲ. ಅವಳ ವರ್ಷದಲ್ಲಿ ಅವಳದೇ ಅಂತ ಇದ್ದದ್ದು ಆ ಕೆಲವು ದಿನ ಮಾತ್ರ. ಗಂಡನ, ಸೊಸೆಯ, ಎಮ್ಮೆಯ ಹಂಗಿಲ್ಲದೆ ನಡೆಯುವ ದಿನಗಳು. ಅದು ಹೋಯಿತು. ನಮ್ಮ ಅಪ್ಪನನ್ನು ಮನೆಗೆ ತಂದುಕೊಟ್ಟದ್ದಕ್ಕೆ ಅವಳು ತೆತ್ತದ್ದು ಅದನ್ನು.

ಆಮೇಲೆ ನನ್ನನ್ನು ಯಾವಾಗ ಕಂಡರೂ ಅವಳು ಮೊದಲು ಕೇಳುತ್ತಿದ್ದದ್ದು ಒಂದೇ. "ನಿಮ್ಮಪ್ಪ ಈಗ ಏನ್ ಮಾಡ್ತಾವ್ರೆ?" ಹೇಗಿದ್ದಾರೆ ಎಂದಲ್ಲ. ಊಟಕ್ಕೆ ಕೂತಿದ್ದರು ಎಂದರೆ ಏನು ಊಟ ಎಂದು ಕೇಳುತ್ತಿದ್ದಳು. ದರ್ಜಿಯ ಹತ್ತಿರ ಜಗಳವಾಡುತ್ತಿದ್ದರು ಎಂದರೆ ಯಾರು ಗೆದ್ದರು ಎಂದು ಕೇಳುತ್ತಿದ್ದಳು. ಮಲಗಿದ್ದರು ಎಂದರೆ ಸಮಾಧಾನವಾದಂತೆ ತಲೆಯಾಡಿಸುತ್ತಿದ್ದಳು. ಹಾಗಾಗಿ ಅವಳನ್ನು ನೋಡಲು ಹೊರಡುವ ಮುಂಚೆ ನಾನು ಅಪ್ಪ ಏನು ಮಾಡುತ್ತಿದ್ದಾರೆಂದು ಒಮ್ಮೆ ಇಣುಕಿ ನೋಡಿಕೊಂಡು ಹೋಗುವುದು ರೂಢಿಯಾಯಿತು.

ಎಪ್ಪತ್ತರ ದಶಕ ಮುಗಿಯುವ ಮುಂಚೆ ಅವಳಿಗೆ ಎದೆಯಲ್ಲಿ ನೀರು ತುಂಬಿಕೊಂಡಿತು. ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ನಾನು ಒಂದು ಮಧ್ಯಾಹ್ನ ಹೋದೆ. ಉಸಿರಾಡುವುದೇ ಕಷ್ಟವಾಗಿತ್ತು, ದಿಂಬಿಗೆ ಒರಗಿ ಕೂತಿದ್ದಳು. ಕಣ್ಣು ತೆರೆದು ನನ್ನನ್ನು ಗುರುತಿಸಿದಳು.

"ಏನ್ ಮಾಡ್ತಾವ್ರೆ?" ಎಂದಳು.

"ಜಗಲಿ ಮೇಲೆ ಕೂತು ಪೇಪರ್ ಓದ್ತಾವ್ರೆ ದೊಡ್ಡವ್ವ."

ಅವಳು ಒಂದು ಉಸಿರು ಎಳೆದುಕೊಂಡಳು. "ಓದ್ಲಿ ಬುಡು" ಎಂದಳು.

ಅವಳು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು. ಮಾರನೆಯ ದಿನ ಬೆಳಿಗ್ಗೆ ಹೋದಳು. ಅಪ್ಪ ಆಮೇಲೆ ಬಹಳ ವರ್ಷ ಬದುಕಿದರು. ಎಷ್ಟೋ ಸಲ ಜಗಲಿಯ ಬಾಗಿಲಲ್ಲಿ ನಿಂತು ಸುಮ್ಮನೆ ಅವರನ್ನು ನೋಡುತ್ತಿದ್ದೆ. "ಏನಮ್ಮ?" ಎಂದು ಪೇಪರಿನಿಂದ ತಲೆಯೆತ್ತುತ್ತಿದ್ದರು. ಏನಿಲ್ಲ, ಓದಿ, ಎನ್ನುತ್ತಿದ್ದೆ.